ಖರಾಬು ಜಮೀನಿನ ವರ್ಗೀಕರಣವೂ ಅದನ್ನು ಸರಿಪಡಿಸಿಕೊಳ್ಳುವ ಕ್ರಮವೂ

ಪಹಣಿ ಪತ್ರಿಕೆಯ ಮೂರನೆಯ ಕಾಲಮಿನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ‘ಅ’, ಫೂಟ್ ಖರಾಬು ‘ಬ’ ಎಂಬ ಎರಡು ನಮೂದುಗಳಿರುತ್ತವೆ. ಗಣಕಯಂತ್ರದಿಂದ ಬರುವ ಪಹಣಿಯಲ್ಲಿ ಇವು ‘ಎ’, ‘ಬಿ’ ಎಂದು ಕಾಣುವುದುಂಟು. ಬಹುಮಂದಿ ಹಿಡುವಳಿದಾರರು ಇವನ್ನು ಓದದೆ ಬಿಟ್ಟು, ಕೆಳಗಿರುವ ‘ಉಳಿದದ್ದು’ ಎಂಬ ಅಂಕಿಯನ್ನೂ ಕಂದಾಯದ ಮೊಬಲಗನ್ನೂ ಮಾತ್ರ ನೋಡಿಕೊಳ್ಳುವ ವಾಡಿಕೆಯಿದೆ. ಆದರೆ ಜಮೀನನ್ನು ಕ್ರಯಕ್ಕೆ ಕೊಡುವಾಗ, ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ, ಅಥವಾ ರಸ್ತೆ ಕಾಲುವೆಗಳಿಗಾಗಿ ಸರ್ಕಾರವು ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವಾಗ ಈ ನಾಲ್ಕೈದು ಗುಂಟೆಗಳ ಅಂಕಿಯೇ ತಕರಾರಿಗೆ ಮೂಲವಾಗುತ್ತದೆ.

ಖರಾಬೆಂಬುದು ಸರ್ವೆಯ ಕಾಲದಿಂದ ಬಂದ ಮಾತು. ಧಾರವಾಡವನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯಲ್ಲಿ 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹೊಲಗಳ ಅಳತೆಯೂ ಮಣ್ಣಿನ ದರ್ಜೆಯೂ ಕ್ರಮಬದ್ಧವಾಗಿ ನಡೆದವು. ಅದೇ ಮಾದರಿಯ ಸರ್ವೆಯು ಮೈಸೂರು ಸೀಮೆಯಲ್ಲಿ 1863ರಲ್ಲಿ ಆರಂಭವಾಯಿತು. ಮಣ್ಣಿನ ಬಣ್ಣವನ್ನೂ ಆಳವನ್ನೂ ನೋಡಿ, ಅತ್ಯುತ್ತಮ ಭೂಮಿಗೆ ಹದಿನಾರಾಣೆ ಎಂದು ಹಿಡಿದು, ಅಲ್ಲಿಂದ ಒಂಬತ್ತು ತರಗತಿಗಳಲ್ಲಿ ಎರಡಾಣೆಯವರೆಗೆ ಇಳಿಸುತ್ತಿದ್ದರು. ಸುಣ್ಣಕಲ್ಲು, ಮರಳು, ಇಳಿಜಾರು, ಅತಿಯಾದ ತೇವ ಮೊದಲಾದ ದೋಷಗಳು ಕಂಡುಬಂದರೆ ತರಗತಿಯು ಮತ್ತೂ ಕೆಳಗಿಳಿಯುತ್ತಿತ್ತು. ನೇಗಿಲು ನಡೆಯದ ಬಂಡೆ, ಕೊರಕಲು, ಕಣ, ದಾರಿ ಇವುಗಳನ್ನು ಸಾಗುವಳಿಯ ವಿಸ್ತೀರ್ಣದಿಂದ ಕಳೆದು, ಮಿಕ್ಕ ಭೂಮಿಗೆ ಮಾತ್ರ ಕಂದಾಯವನ್ನು ಗೊತ್ತುಮಾಡಲಾಗುತ್ತಿತ್ತು. ಹೀಗೆ ಕಳೆದ ಭಾಗವೇ ಖರಾಬು. ಉದಾಹರಣೆಗೆ, ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 4 ಎಕರೆ 20 ಗುಂಟೆ, ಅದರಲ್ಲಿ ‘ಅ’ ಖರಾಬು 6 ಗುಂಟೆ, ‘ಬ’ ಖರಾಬು 4 ಗುಂಟೆ ಇದ್ದರೆ, ಕಂದಾಯವು 4 ಎಕರೆ 10 ಗುಂಟೆಗೆ ಮಾತ್ರ ಬೀಳುತ್ತದೆ.

ಕಂದಾಯದ ಮಟ್ಟಿಗೆ ಎರಡು ಖರಾಬುಗಳಿಗೂ ವಿನಾಯಿತಿಯೇ. ಹಕ್ಕಿನ ಮಟ್ಟಿಗೆ ಅಜಗಜಾಂತರ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೆಯ ನಿಯಮವು ಈ ಭೇದವನ್ನು ಸ್ಪಷ್ಟವಾಗಿ ಹೇಳುತ್ತದೆ. ಸರ್ವೆಯ ಕಾಲದಲ್ಲಿ ಸಾಗುವಳಿಗೆ ಯೋಗ್ಯವಲ್ಲವೆಂದು ಕಂಡ ನೆಲ, ಹಿಡುವಳಿದಾರನ ಒಕ್ಕಲುತನದ ಕಟ್ಟಡ, ಅವನ ಕಣ ಇವು ‘ಅ’ ವರ್ಗಕ್ಕೆ ಸೇರಿದವು. ಸಾರ್ವಜನಿಕ ಉದ್ದೇಶಕ್ಕಾಗಿ ಕಾದಿರಿಸಿದ ನೆಲ, ರಸ್ತೆ, ರೂಢಿಯ ಕಾಲುದಾರಿ, ಹಿಡುವಳಿದಾರನಲ್ಲದೆ ಇತರರೂ ನೀರಾವರಿಗೆ ಬಳಸುವ ಕೆರೆ ಅಥವಾ ಹಳ್ಳ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ ಇವು ‘ಬ’ ವರ್ಗದವು. ‘ಅ’ ಖರಾಬು ಹಿಡುವಳಿದಾರನ ಸ್ವತ್ತಿನ ಭಾಗ. ‘ಬ’ ಖರಾಬು ಅವನ ಸರ್ವೆ ನಂಬರಿನ ಎಲ್ಲೆಯೊಳಗೇ ಇದ್ದರೂ ಅವನದಲ್ಲ.

ಈ ಭೇದವನ್ನರಿಯದೆ ಎರಡು ಬಗೆಯ ನಷ್ಟಗಳು ಒದಗುತ್ತವೆ. ಮೊದಲನೆಯದು, ಖರಾಬೆಂದೊಡನೆ ಅದು ಸರ್ಕಾರದ್ದೆಂದು ತಿಳಿದು ಸುಮ್ಮನಾಗುವುದು. ಸರ್ವೆಯ ಕಾಲಕ್ಕೆ ಬಂಡೆಯಾಗಿದ್ದ ಜಾಗವನ್ನು ತಾತ ಮುತ್ತಾತಂದಿರು ಒಡೆದು ಮಣ್ಣು ತುಂಬಿಸಿ ರಾಗಿ ಬೆಳೆಯುತ್ತಿರುವ ಹೊಲಗಳು ಬಯಲುಸೀಮೆಯಲ್ಲಿ ಅಪರೂಪವಲ್ಲ. ಅಂತಹ ನೆಲವು ಪಹಣಿಯಲ್ಲಿ ‘ಅ’ ಖರಾಬೆಂದೇ ಉಳಿದಿದ್ದರೂ ಸ್ವಾಧೀನದ ಸಂದರ್ಭದಲ್ಲಿ ಅದರ ಪರಿಹಾರವನ್ನು ಕೇಳುವ ಹಕ್ಕು ಹಿಡುವಳಿದಾರನಿಗಿದೆ. ನಕಲು ಮಾಡುವಾಗ ‘ಅ’ ಕಾಲಮಿನ ಅಂಕಿಯು ‘ಬ’ ಕಾಲಮಿಗೆ ಜಾರಿದ್ದರೆ ಆ ಹಕ್ಕಿಗೇ ಕುಂದು ಬರುತ್ತದೆ. ಎರಡನೆಯದು ಇದಕ್ಕಿಂತಲೂ ಕೆಟ್ಟದ್ದು. ‘ಬ’ ಖರಾಬಿನ ಗಾಡಿದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದರಿಂದ ಹಿಂದಿನ ಹೊಲದವರು ಗೊಬ್ಬರದ ಗಾಡಿ ಸಾಗಿಸಲಾರದೆ ಹೋಗುತ್ತಾರೆ. ಹಳ್ಳವನ್ನು ಮುಚ್ಚಿದರೆ ಕೆರೆಗೆ ಬರುವ ನೀರೇ ತಪ್ಪಿ, ಅಚ್ಚುಕಟ್ಟಿನ ತರಿ ಜಮೀನುಗಳೆಲ್ಲ ಬಾಧೆಗೊಳಗಾಗುತ್ತವೆ. ಊರಿನ ಯಜಮಾನರು ಇಂತಹ ಒತ್ತುವರಿಯನ್ನು ಮೊದಲ ವರ್ಷದಲ್ಲಿಯೇ ತಡೆಯುವುದು ಸುಲಭ. ಹತ್ತು ವರ್ಷ ಕಳೆದ ಮೇಲೆ ಅದು ನ್ಯಾಯಾಲಯದ ವಿಷಯವಾಗಿಬಿಡುತ್ತದೆ.

ಹಿಸ್ಸೆಗಳಾಗುವಾಗ ಮತ್ತೊಂದು ತೊಡಕು ಕಾಣಬರುತ್ತದೆ. ಖರಾಬು ವಾಸ್ತವವಾಗಿ ಜಮೀನಿನ ಒಂದು ಮೂಲೆಯಲ್ಲಿರುತ್ತದೆ. ಪಾಲುಪಟ್ಟಿಯಲ್ಲಾದರೋ ಅದನ್ನು ಎಲ್ಲ ಪಾಲುಗಳಿಗೂ ಸಮನಾಗಿ ಹಂಚಿರುವುದೋ, ಕಿರಿಯವನೊಬ್ಬನ ತಲೆಗೇ ಕಟ್ಟಿರುವುದೋ ಉಂಟು. ಪೋಡಿಯ ಕಾಲದಲ್ಲಿ ಖರಾಬು ಯಾವ ಹಿಸ್ಸೆಯೊಳಗೆ ನಿಜವಾಗಿ ಬಿದ್ದಿದೆಯೋ ಆ ಹಿಸ್ಸೆಯಲ್ಲಿಯೇ ತೋರಿಸುವಂತೆ ಭೂಮಾಪಕರನ್ನು ಕೇಳಿಕೊಳ್ಳತಕ್ಕದ್ದು.

ಕೆಲವರು ಕಂದಾಯ ಉಳಿಯುವುದೆಂದು ಸಾಗುವಳಿಯ ನೆಲವನ್ನೇ ಖರಾಬೆಂದು ಬರೆಯಿಸಿಕೊಳ್ಳಲು ಆಸೆಪಡುತ್ತಾರೆ. ಖುಷ್ಕಿ ಜಮೀನಿನ ಕಂದಾಯವು ಎಕರೆಗೆ ಕೆಲವೇ ರೂಪಾಯಿಗಳಷ್ಟಿರಲು, ಅದನ್ನುಳಿಸುವುದಕ್ಕಾಗಿ ದಾಖಲೆಯಲ್ಲಿ ಸಾಗುವಳಿಯ ವಿಸ್ತೀರ್ಣವನ್ನು ಕಡಿಮೆ ಮಾಡಿಕೊಳ್ಳುವುದು ಲಾಭದ ವ್ಯವಹಾರವಲ್ಲ.

ಹೊಲದಲ್ಲಿ ಕಟ್ಟುವ ಮನೆಯ ವಿಚಾರವೂ ಇಲ್ಲಿಯೇ ಬರುತ್ತದೆ. 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ರೈತನು ತನ್ನ ಜಮೀನಿನಲ್ಲಿ ಬಾವಿ ತೋಡಿಸಬಹುದು, ವಾಸಕ್ಕೂ ದನಕರುಗಳಿಗೂ ಮುಟ್ಟುಸಾಮಾನುಗಳಿಗೂ ಕಟ್ಟಡ ಕಟ್ಟಿಕೊಳ್ಳಬಹುದು. ಆದರೆ ಕಟ್ಟಡದ ನೆಲವು ಹಿಡುವಳಿಯ ನೂರಕ್ಕೆ ಹತ್ತು ಭಾಗವನ್ನು ಮೀರಕೂಡದು. ಅದನ್ನು ವ್ಯಾಪಾರಕ್ಕಾಗಿ ಬಾಡಿಗೆಗೂ ಕೊಡಕೂಡದು. ಅಂಗಡಿಯನ್ನೋ ಗಿರಣಿಯನ್ನೋ ಇಡುವುದಾದರೆ ಭೂಪರಿವರ್ತನೆಯ ಅಪ್ಪಣೆ ಬೇಕು. ಹಾಗೆ ಪರಿವರ್ತನೆಯಾಗಿ ಕೃಷಿ ಕಂದಾಯದಿಂದ ಹೊರಬಿದ್ದ ನೆಲವೂ ಕಟ್ಟಡವೂ 1993ರ ಪಂಚಾಯತ್ ರಾಜ್ ಕಾಯಿದೆಯ 199ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ತೆರಿಗೆಗೆ ಒಳಪಡುತ್ತವೆ.

ಇನ್ನು ಅರ್ಜಿಯ ಕ್ರಮ. ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು 1961ರ ಕಾಯಿದೆಯಿಂದ ರದ್ದಾದ ತರುವಾಯ ಊರಿನ ಲೆಕ್ಕಪತ್ರಗಳು ಸರ್ಕಾರಿ ನೌಕರರ ಕೈಗೆ ಬಂದವು. ಶಾನುಭೋಗರ ನೆನಪಿನ ಮೇಲೆ ನಡೆಯುತ್ತಿದ್ದ ಕೆಲಸವನ್ನು ಈಗ ಕಾಗದಗಳ ಮೇಲೆಯೇ ಸಾಧಿಸಬೇಕಾಗಿದೆ. ಹಿಡುವಳಿದಾರನು ಮೊದಲು ಪಹಣಿ, ಆಕಾರಬಂದು, ಟಿಪ್ಪಣಿ, ಗ್ರಾಮನಕ್ಷೆ ಈ ನಾಲ್ಕರ ನಕಲುಗಳನ್ನು ಪಡೆದು ಒಂದರ ಪಕ್ಕದಲ್ಲೊಂದಿಟ್ಟು ನೋಡತಕ್ಕದ್ದು. ಆಕಾರಬಂದು ಸರ್ವೆ ಇಲಾಖೆಯ ಮೂಲ ಲೆಕ್ಕವಾದ್ದರಿಂದ ವಿಸ್ತೀರ್ಣವನ್ನೂ ಖರಾಬನ್ನೂ ಅದರಿಂದಲೇ ತಾಳೆ ನೋಡುವುದು ಪದ್ಧತಿ. ಟಿಪ್ಪಣಿಯಲ್ಲಿ ಖರಾಬು ಹೊಲದ ಯಾವ ಕಡೆಗಿದೆ, ದಾರಿಯೋ ಹಳ್ಳವೋ ಬಂಡೆಯೋ ಎಂಬುದು ತಿಳಿಯುತ್ತದೆ. ‘ಅ’ ‘ಬ’ಗಳ ವಿವಾದವು ಅನೇಕ ವೇಳೆ ಇದೊಂದು ಕಾಗದದಿಂದಲೇ ತೀರ್ಮಾನವಾಗುವುದುಂಟು.

ಆಕಾರಬಂದು ಸರಿಯಿದ್ದು ಪಹಣಿಯಲ್ಲಿ ಮಾತ್ರ ತಪ್ಪಿದ್ದರೆ, ಎರಡರ ನಕಲುಗಳನ್ನೂ ಲಗತ್ತಿಸಿ ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಈಗಿರುವ ಅಂಕಿ, ಇರಬೇಕಾದ ಅಂಕಿ ಇಷ್ಟನ್ನು ಬಿಡಿಸಿ ಬರೆದರೆ ಸಾಕು. ಕಷ್ಟಸುಖಗಳ ದೀರ್ಘ ವಿವರಣೆ ಬೇಕಿಲ್ಲ. ಸರ್ವೆಯ ಲೆಕ್ಕವೇ ಸ್ಥಳಕ್ಕೆ ಹೊಂದದೆ ಇದ್ದಲ್ಲಿ ಅಳತೆಗಾಗಿ ಸರ್ವೆ ಇಲಾಖೆಗೆ ಅರ್ಜಿ ಸಲ್ಲಿಸತಕ್ಕದ್ದು. ಅಳತೆಯ ದಿವಸ ನೆರೆಹೊಲದವರೂ ಊರಿನ ಹಿರಿಯರಿಬ್ಬರೂ ಸ್ಥಳದಲ್ಲಿದ್ದರೆ ಒಳ್ಳೆಯದು. ಎಲ್ಲೆಕಲ್ಲುಗಳು ಪೊದೆಯಲ್ಲಿ ಮುಚ್ಚಿಹೋಗಿದ್ದರೆ ಮುಂಚಿನ ದಿನವೇ ಸವರಿಸಿಟ್ಟಿರಬೇಕು. ಕಲ್ಲು ಕಾಣದೆ ಅಳತೆಯು ಮುಂದಕ್ಕೆ ಹೋಯಿತೆಂದರೆ ಮತ್ತೊಂದು ಸರದಿಗೆ ಕಾಯಬೇಕಾಗುತ್ತದೆ.

ಹಕ್ಕು ಬದಲಾವಣೆಯ ಆಜ್ಞೆಯು ವಿರೋಧವಾಗಿ ಬಂದರೆ ಕಾಯಿದೆಯ 136ನೆಯ ಪ್ರಕರಣದ ಮೇರೆಗೆ ಉಪವಿಭಾಗದ ಸಹಾಯಕ ಕಮಿಷನರರಿಗೆ 60 ದಿವಸಗಳೊಳಗಾಗಿ ಅಪೀಲು ಮಾಡಿಕೊಳ್ಳಬಹುದು. ಅಲ್ಲಿಂದ ಮುಂದೆ ಪುನರ್ವಿಮರ್ಶೆಯ ಅಧಿಕಾರವು ಡೆಪ್ಯುಟಿ ಕಮಿಷನರರಿಗಿದೆ. ಈ 60 ದಿವಸಗಳ ಎಣಿಕೆಯು ಆಜ್ಞೆಯು ತಿಳಿದುಬಂದ ದಿನದಿಂದ ನಡೆಯುವುದರಿಂದ, ಆಜ್ಞೆಯ ನಕಲು ಕೈಸೇರಿದ ತಾರೀಖನ್ನು ಆ ನಕಲಿನ ಮೇಲೆಯೇ ಗುರುತು ಹಾಕಿಟ್ಟುಕೊಳ್ಳತಕ್ಕದ್ದು.