ಬಾನೆಟ್ ಮೇಲಿನ ಹೆಸರು ಯಾವ ಊರಿನದು?

ಒಂದು ಸಣ್ಣ ಕ್ವಿಜ್. 2007ರ ಫೆಬ್ರುವರಿ. ಅಮೆರಿಕದ ಅತಿ ದೊಡ್ಡ ಸ್ಟಾಕ್ ಕಾರ್ ರೇಸ್ ‘ಡೇಟೋನಾ 500’. ಕಣದಲ್ಲಿ ನಾಲ್ಕು ಕಂಪನಿಗಳ ಕಾರುಗಳು: ಷೆವ್ರೊಲೆ ಮಾಂಟೆ ಕಾರ್ಲೊ, ಫೋರ್ಡ್ ಫ್ಯೂಷನ್, ಡಾಡ್ಜ್ ಚಾರ್ಜರ್ ಮತ್ತು ಟೊಯೊಟಾ ಕ್ಯಾಮ್ರಿ. ಇದೇ ಹೆಸರಿನ ಕಾರುಗಳನ್ನು ಜನ ಶೋರೂಮಿನಲ್ಲಿ ಕೊಳ್ಳುತ್ತಿದ್ದರಲ್ಲ, ಅವುಗಳಲ್ಲಿ ಅಮೆರಿಕದ ನೆಲದ ಮೇಲೆ ತಯಾರಾಗುತ್ತಿದ್ದುದು ಯಾವುದು?

ನಮ್ಮ ಹಾಸ್ಟೆಲ್‌ನಲ್ಲಿ ಹತ್ತು ಜನರಿಗೆ ಈ ಪ್ರಶ್ನೆ ಕೇಳಿದೆ. ಒಬ್ಬನೂ ಟೊಯೊಟಾ ಎನ್ನಲಿಲ್ಲ. ಆದರೆ ಉತ್ತರ ಅದೇ! ಮಾಂಟೆ ಕಾರ್ಲೊ ಕೆನಡಾದ ಓಷಾವದಲ್ಲಿ, ಚಾರ್ಜರ್ ಕೆನಡಾದ್ದೇ ಬ್ರಾಂಪ್ಟನ್‌ನಲ್ಲಿ, ಫ್ಯೂಷನ್ ಮೆಕ್ಸಿಕೊದ ಎರ್ಮೊಸಿಯೊದಲ್ಲಿ ತಯಾರಾಗುತ್ತಿದ್ದವು. ‘ಜಪಾನಿನ ಕಾರು’ ಎಂದು ಜನ ಮೂಗು ಮುರಿದ ಕ್ಯಾಮ್ರಿ ಮಾತ್ರ 1988ರಿಂದಲೂ ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಕಾರ್ಖಾನೆಯಿಂದ ಹೊರಬರುತ್ತಿತ್ತು. ಸಾಲದೆಂಬಂತೆ, ಡಾಡ್ಜ್‌ನ ಮಾಲೀಕ ಕಂಪನಿ ಕ್ರೈಸ್ಲರ್ ಆ ತಿಂಗಳಲ್ಲಿ ಇನ್ನೂ ಜರ್ಮನಿಯ ಡೈಮ್ಲರ್ ಕೈಯಲ್ಲೇ ಇತ್ತು.

ಈ ರೇಸನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್. ಹುಟ್ಟಿದ್ದು 1948ರಲ್ಲಿ. ಫಾರ್ಮುಲಾ ಒನ್ ನೋಡುವ ನಮ್ಮ ಗೆಳೆಯರಿಗೆ ಇದು ‘ಸುಮ್ಮನೆ ಎಡಕ್ಕೆ ತಿರುಗುತ್ತಾ ಇರೋದು’. ಇರಲಿ. ಆದರೆ ಡೇಟೋನಾದ ಟ್ರ್ಯಾಕ್ ತಿರುವುಗಳಲ್ಲಿ 31 ಡಿಗ್ರಿ ವಾಲಿದೆ, ರೇಸಿನ ದೂರ 800 ಕಿಲೋಮೀಟರ್. ಬೆಂಗಳೂರಿನಿಂದ ಬೀದರ್ ದಾಟಿ ಹೋದಷ್ಟು ದೂರವನ್ನು ಒಬ್ಬನೇ ಚಾಲಕ, ಒಂದೇ ಮಧ್ಯಾಹ್ನದಲ್ಲಿ, ಪಕ್ಕದ ಕಾರಿಗೆ ಉಜ್ಜಿಕೊಂಡೇ ಓಡಿಸಬೇಕು.

‘ಸ್ಟಾಕ್ ಕಾರ್’ ಎಂದರೆ ಅಂಗಡಿಯಲ್ಲಿ ಸಿಗುವಂಥದ್ದೇ ಕಾರು ಎಂದರ್ಥ. ಮೊದಮೊದಲು ಹಾಗೇ ಇತ್ತು. 1949ರ ಜೂನ್‌ನಲ್ಲಿ ಷಾರ್ಲಟ್‌ನಲ್ಲಿ ನಡೆದ ಮೊದಲ ರೇಸ್‌ನಲ್ಲಿ ಮುಂದೆ ಬಂದವನು ಗ್ಲೆನ್ ಡನವೇ. ಪರೀಕ್ಷೆ ಮಾಡಿದರೆ ಕಾರಿನ ಹಿಂದಿನ ಸ್ಪ್ರಿಂಗ್ ಬದಲಾಗಿತ್ತು. ಆ ಕಾರು ಕಳ್ಳಭಟ್ಟಿ ಸಾಗಿಸುತ್ತಿದ್ದ ಕಾರು! ಡಿಕ್ಕಿಯಲ್ಲಿ ಸರಕು ತುಂಬಿದರೂ ಹಿಂಭಾಗ ಕುಸಿಯದಿರಲಿ ಎಂದು ಸ್ಪ್ರಿಂಗ್ ಗಟ್ಟಿ ಮಾಡಿಸಿದ್ದರು. ಅವನನ್ನು ಅನರ್ಹಗೊಳಿಸಿ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ವಾಹನ ಮಾರ್ಪಾಡು ಮಾಡಿಸಿ ಆರ್‌ಟಿಒ ಕೈಗೆ ಸಿಕ್ಕಿಬೀಳುವವರು ಎಲ್ಲ ಕಾಲದಲ್ಲೂ ಇದ್ದರು ಅನ್ನಿ.

ವಿದೇಶಿ ಕಾರುಗಳು ಬಂದದ್ದೂ ಟೊಯೊಟಾದಿಂದಲೇ ಅಲ್ಲ. 1954ರ ಜೂನ್ 13ರಂದು ನ್ಯೂಜೆರ್ಸಿಯ ಲಿಂಡೆನ್ ವಿಮಾನ ನಿಲ್ದಾಣದಲ್ಲಿ ಒಂದು ರೇಸ್ ನಡೆಯಿತು. ಅಲ್ಲಿ ಗೆದ್ದದ್ದು ಅಲ್ ಕೆಲ್ಲರ್ ಓಡಿಸಿದ ಬ್ರಿಟನ್ನಿನ ಜಾಗ್ವಾರ್. ರನ್‌ವೇ ಮೇಲೆ ರೇಸ್ ಎಂದರೆ ಆಶ್ಚರ್ಯ ಬೇಡ, ನಮ್ಮ ಪಕ್ಕದ ಚೆನ್ನೈ ಬಳಿಯ ಶೋಲಾವರಂನಲ್ಲೂ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಮೇಲೆ ದಶಕಗಳ ಕಾಲ ರೇಸ್ ನಡೆದಿವೆ. ಆ ಜಾಗ್ವಾರ್ ಗೆದ್ದ ಮೇಲೆ ನ್ಯಾಸ್ಕಾರ್‌ನ ಅಗ್ರ ಸರಣಿಯಲ್ಲಿ ಇನ್ನೊಂದು ವಿದೇಶಿ ಹೆಸರಿನ ಕಾರು ಗೆಲ್ಲಲು ಹಿಡಿದದ್ದು 54 ವರ್ಷ.

ಈಗ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇಷ್ಟವಾಗುವ ಭಾಗಕ್ಕೆ ಬರೋಣ. 2004ರಲ್ಲಿ ಟೊಯೊಟಾ ಮೊದಲು ನ್ಯಾಸ್ಕಾರ್‌ನ ಪಿಕಪ್ ಟ್ರಕ್ ಸರಣಿಗೆ ಬಂತು. ನಿಯಮ ಏನಿತ್ತು ಗೊತ್ತೇ? ಎರಕದ ಕಬ್ಬಿಣದ ಬ್ಲಾಕ್, ಎಂಟು ಸಿಲಿಂಡರ್, ಪ್ರತಿ ಸಿಲಿಂಡರ್‌ಗೆ ಎರಡೇ ವಾಲ್ವ್, ಕಾರ್ಬುರೇಟರ್, ಮತ್ತು ವಾಲ್ವ್ ತೆರೆಯಲು ಪುಶ್‌ರಾಡ್. ಇಂಥ ಎಂಜಿನ್ ಟೊಯೊಟಾದ ಒಂದು ಶೋರೂಂ ಕಾರಿನಲ್ಲೂ ಇರಲಿಲ್ಲ.

ಪುಶ್‌ರಾಡ್ ಎಂದರೆ ಐಸಿ ಎಂಜಿನ್ಸ್ ಓದದವರಿಗೂ ಸುಲಭ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇಂದಿನ ಕಾರುಗಳಲ್ಲಿ ಎಂಜಿನ್‌ನ ನೆತ್ತಿಯ ಮೇಲಿರುತ್ತದೆ. ಹಳೇ ಪದ್ಧತಿಯಲ್ಲಿ ಅದು ಕೆಳಗೆ, ಬ್ಲಾಕ್ ಒಳಗೆ ಕೂತಿರುತ್ತದೆ. ಅಲ್ಲಿಂದ ಒಂದು ಉದ್ದನೆಯ ಕಡ್ಡಿ ಮೇಲಕ್ಕೆ ತಳ್ಳಿ, ಏತದ ಹಾಗೆ ರಾಕರ್ ಆರ್ಮನ್ನು ಆಡಿಸಿ ವಾಲ್ವ್ ತೆರೆಯುತ್ತದೆ. ಹಳೆಯ ಬುಲೆಟ್ ಬೈಕಿನಲ್ಲಿ, ಅಂಬಾಸಿಡರ್ ಕಾರಿನಲ್ಲಿ, ಟ್ರ್ಯಾಕ್ಟರ್ ಎಂಜಿನ್‌ಗಳಲ್ಲಿ ಇದೇ ಏರ್ಪಾಡು. ದೊಡ್ಡಬಳ್ಳಾಪುರದ ಯಾವುದೇ ಟ್ರ್ಯಾಕ್ಟರ್ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದರೂ ಕಣ್ಣು ಮುಚ್ಚಿ ಟ್ಯಾಪೆಟ್ ಹೊಂದಿಸಿಕೊಟ್ಟಾರು. ವ್ಯತ್ಯಾಸ ಇಷ್ಟೇ: ಟ್ರ್ಯಾಕ್ಟರ್ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿಗೇ ದುಡಿಯುತ್ತದೆ, ಇದು ಒಂಬತ್ತು ಸಾವಿರದ ಹತ್ತಿರ. ಆ ವೇಗದಲ್ಲಿ ಕಡ್ಡಿ ಬಾಗಬಾರದು, ಸ್ಪ್ರಿಂಗ್ ಸೋಲಬಾರದು, ಮೂರೂವರೆ ಗಂಟೆ ಬಿಡುವಿಲ್ಲದೆ. 5.86 ಲೀಟರ್‌ನ ಎಂಜಿನ್‌ನಿಂದ ಆಗ ಸುಮಾರು 850 ಅಶ್ವಶಕ್ತಿ ತೆಗೆಯುತ್ತಿದ್ದರು. ಹಳೇ ತಂತ್ರಜ್ಞಾನ ಎಂದರೆ ಸುಲಭ ತಂತ್ರಜ್ಞಾನ ಎಂದಲ್ಲ ಎಂಬುದು ನನಗೆ ಇದನ್ನು ಓದುವಾಗಲೇ ಹೊಳೆದದ್ದು.

ಹೀಗಾಗಿ ಟೊಯೊಟಾ, ತಾನು ಎಂದೂ ಮಾರದ, ಮುಂದೆಯೂ ಮಾರದ ಎಂಜಿನ್ ಒಂದನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಆ ಕೆಲಸ ನಡೆದದ್ದು ಜಪಾನಿನಲ್ಲಲ್ಲ, ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿದ್ದ ಟೊಯೊಟಾ ರೇಸಿಂಗ್ ಡೆವಲಪ್‌ಮೆಂಟ್ ಎಂಬ ವಿಭಾಗದಲ್ಲಿ. ಅದೇ 2004ರ ಜುಲೈನಲ್ಲಿ ಮಿಷಿಗನ್‌ನಲ್ಲಿ ಮೊದಲ ಟ್ರಕ್ ಗೆಲುವು, 2006ರಲ್ಲಿ ಟ್ರಕ್ ಚಾಂಪಿಯನ್‌ಷಿಪ್.

2007ರಲ್ಲಿ ಅಗ್ರ ಸರಣಿಗೆ ಬಂದಾಗ ಮಾತ್ರ ಗ್ರಹಚಾರ ಕೆಟ್ಟಿತ್ತು. ಡೇಟೋನಾದಲ್ಲೇ, ಟೊಯೊಟಾ ಓಡಿಸುತ್ತಿದ್ದ ಮೈಕಲ್ ವಾಲ್ಟ್ರಿಪ್ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಇರಬಾರದ ವಸ್ತು ಪತ್ತೆಯಾಗಿ 100 ಪಾಯಿಂಟ್ ಕಡಿತವಾಯಿತು. ಇಡೀ ವರ್ಷ ಒಂದೇ ಒಂದು ಗೆಲುವಿಲ್ಲ. ‘ಹೊರಗಿನವರು ದುಡ್ಡು ಸುರಿದು ನಮ್ಮ ಆಟ ಕೊಳ್ಳುತ್ತಾರೆ’ ಎಂದು ಹೆದರಿದ್ದವರೆಲ್ಲ ನಗತೊಡಗಿದರು.

2008ರಲ್ಲಿ ಚಿತ್ರ ಬದಲಾಯಿತು. ಅಲ್ಲಿಯವರೆಗೆ ಷೆವ್ರೊಲೆ ಓಡಿಸುತ್ತಿದ್ದ ಜೋ ಗಿಬ್ಸ್ ತಂಡ ಟೊಯೊಟಾಗೆ ಬಂತು. ಮಾರ್ಚ್ 9ರಂದು ಅಟ್ಲಾಂಟಾದಲ್ಲಿ ಕೈಲ್ ಬುಷ್ ಗೆದ್ದರು. ನನಗೆ ಮುಖ್ಯ ಎನಿಸಿದ್ದು ಇದು: ಆ ತಂಡ ಎಂಜಿನ್‌ಗಳನ್ನು ತನ್ನ ನಾರ್ತ್ ಕ್ಯಾರೊಲಿನಾದ ವರ್ಕ್‌ಷಾಪಿನಲ್ಲೇ ತಯಾರಿಸುತ್ತಿತ್ತು. ಹಿಂದಿನ ವರ್ಷ ಷೆವ್ರೊಲೆ ಎಂಜಿನ್ ಕಟ್ಟಿದ ತಂಡವೇ ಈ ವರ್ಷ ಟೊಯೊಟಾ ಎಂಜಿನ್ ಕಟ್ಟಿತು. ಬಾನೆಟ್ ಮೇಲಿನ ಹೆಸರು ಬದಲಾಯಿತು, ಕೆಲಸಗಾರರು ಅದೇ ಊರಿನವರು.

ಅವರ ಕೈ ಎಷ್ಟು ಚುರುಕು ಎಂದರೆ, ಅದೇ ವರ್ಷ ಎರಡನೇ ದರ್ಜೆಯ ಸರಣಿಯಲ್ಲಿ ಟೊಯೊಟಾ ಎಂಜಿನ್‌ನ ಶಕ್ತಿ ಇಳಿಸಲು ನ್ಯಾಸ್ಕಾರ್ ನಿಯಮ ಮಾಡಿತು. ಆಗಸ್ಟ್‌ನಲ್ಲಿ ರೇಸ್ ಮುಗಿದ ಮೇಲೆ ಕಾರುಗಳನ್ನು ಡೈನೊ ಮೇಲೆ ಹತ್ತಿಸಿ ಶಕ್ತಿ ಅಳೆದಾಗ, ತಂಡದ ಹುಡುಗರು ಆಕ್ಸಿಲರೇಟರ್ ಪೆಡಲ್ ಕೆಳಗೆ ಅಯಸ್ಕಾಂತದ ಚೂರು ಅಂಟಿಸಿಟ್ಟಿದ್ದರು. ಪೆಡಲ್ ಪೂರ್ತಿ ಒತ್ತಲಾಗದೆ ಶಕ್ತಿ ಕಡಿಮೆ ತೋರಿಸಲಿ ಎಂದು! ಸಿಕ್ಕಿಬಿದ್ದು ದಂಡ ತೆತ್ತರು. ಲ್ಯಾಬ್ ರೀಡಿಂಗ್ ತಿದ್ದುವ ನಮ್ಮ ಬ್ಯಾಚಿನವರು ಇನ್ನೂ ಈ ಮಟ್ಟಕ್ಕೆ ಏರಿಲ್ಲ.

2015ರಲ್ಲಿ ಅದೇ ಬುಷ್ ಚಾಂಪಿಯನ್ ಆದರು, 2016ರಲ್ಲಿ ಡೆನಿ ಹ್ಯಾಮ್ಲಿನ್ ಟೊಯೊಟಾಗೆ ಮೊದಲ ಡೇಟೋನಾ 500 ಗೆದ್ದುಕೊಟ್ಟರು. ಡಾಡ್ಜ್ 2012ರಲ್ಲಿ ಚಾಂಪಿಯನ್‌ಷಿಪ್ ಗೆದ್ದೂ ಆ ವರ್ಷವೇ ಹೊರನಡೆಯಿತು.

ಇದೆಲ್ಲ ಗ್ರಾಮಾಂತರ ಜಿಲ್ಲೆಯ ನನಗೇಕೆ ಎನ್ನುತ್ತೀರಾ? ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಬಿಡದಿಗೆ ಬಂದು ಕ್ವಾಲಿಸ್ ಹೊರತಂದಾಗ ಬಿಡದಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ, ಅಂದರೆ ಕ್ಯಾಮ್ರಿ ಡೇಟೋನಾಗೆ ಇಳಿದ ವರ್ಷವೇ, ರಾಮನಗರ ಜಿಲ್ಲೆ ಬೇರೆಯಾಯಿತು. ಅದೇ 2007ರಲ್ಲಿ ಬಿಡದಿಯಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುವ ಸಂಸ್ಥೆ ಅದು. ಈ ಕಡೆ ಹೊಸಕೋಟೆಯಲ್ಲಿ 1998ರಿಂದ ಸ್ವೀಡನ್ನಿನ ವೋಲ್ವೋ ಟ್ರಕ್ ಕಾರ್ಖಾನೆ. ‘ವೋಲ್ವೋ ಹತ್ತಿದೆ’ ಎಂದರೆ ಎಸಿ ಬಸ್ ಹತ್ತಿದೆ ಎಂದೇ ಅರ್ಥವಾಗುವಷ್ಟು ಆ ಹೆಸರು ಕನ್ನಡವಾಗಿಬಿಟ್ಟಿದೆ. ಅದೇ ಹೆಸರಿನ ಕಾರು ಕಂಪನಿ ಮಾತ್ರ 2010ರಿಂದ ಚೀನಾದ ಗೀಲಿ ಕೈಯಲ್ಲಿದೆ.

ರೇಸಿಂಗ್ ಕೂಡ ಬಂದಿತ್ತು. ಬಿಡದಿಯಲ್ಲಿ ತಯಾರಾದ ಎಟಿಯೋಸ್ ಕಾರುಗಳನ್ನೇ ರೇಸಿಗೆ ಸಜ್ಜುಗೊಳಿಸಿ 2013ರಲ್ಲಿ ಟೊಯೊಟಾ ಒಂದು ಸರಣಿ ನಡೆಸಿತು. ನಮ್ಮದೇ ಸ್ಟಾಕ್ ಕಾರ್ ರೇಸ್ ಎನ್ನಬಹುದಾದದ್ದು. ಆದರೆ ಓಡಿದ್ದು ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ಗಳಲ್ಲಿ. ಹೆಚ್ಚು ಕಾಲ ನಡೆಯಲೂ ಇಲ್ಲ. ಆ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್ ಟ್ರಕ್ ಸರಣಿಗೆ ಹೋಗಿ, ಮೊದಲ ರೇಸ್‌ನಲ್ಲೇ 13ನೇ ಸ್ಥಾನ ಪಡೆದು, ಆ ವರ್ಷದ ಅತ್ಯಂತ ಜನಪ್ರಿಯ ಚಾಲಕ ಎಂಬ ಗೌರವವನ್ನೂ ಪಡೆದರು. ‘ಹೊರಗಿನವನು’ ಎಂಬ ಮಾತು ಅಭಿಮಾನಿಗಳ ಮತಪೆಟ್ಟಿಗೆಯಲ್ಲಿ ಅಡ್ಡ ಬರಲಿಲ್ಲ.

ಯಾರು ಸ್ಥಳೀಯ ಎಂಬ ಪ್ರಶ್ನೆ ನಮ್ಮಲ್ಲಿ ಕಾರಿನದ್ದಲ್ಲ, ಕೆಲಸದ್ದು. ಸರೋಜಿನಿ ಮಹಿಷಿ ವರದಿಯ ಹೆಸರನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಕೇಳಿರುತ್ತೀರಿ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದ ಹುದ್ದೆಗಳ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಇಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಬರಬೇಕು ಎಂದು ಅದರಲ್ಲಿ ಸ್ಥಳೀಯನ ವ್ಯಾಖ್ಯಾನ ಇತ್ತು. ಆ ವಾದದಲ್ಲಿ ಎರಡೂ ಕಡೆಯವರು ಎಣಿಸಿದ್ದು ತಲೆಗಳನ್ನು. ನನಗನ್ನಿಸುವುದು, ಅದರ ಜೊತೆಗೆ ಇನ್ನೊಂದನ್ನೂ ಎಣಿಸಬೇಕು: ಗೇಟಿನ ಒಳಗೆ ಹೋದವರಿಗೆ ಯಾವ ಕೆಲಸ ಕೊಡುತ್ತಾರೆ? ನಾರ್ತ್ ಕ್ಯಾರೊಲಿನಾದವರಿಗೆ ಸಿಕ್ಕಿದ್ದು ಬೋಲ್ಟ್ ಬಿಗಿಯುವ ಕೆಲಸ ಮಾತ್ರ ಅಲ್ಲ, ಎಂಜಿನ್ ಕಟ್ಟುವ ಕೆಲಸ. ಆದ್ದರಿಂದಲೇ ಕಂಪನಿ ಬದಲಾದರೂ ಅವರ ಬೆಲೆ ಇಳಿಯಲಿಲ್ಲ.

ನನ್ನ ಸೋದರಮಾವ ಹನ್ನೊಂದು ವರ್ಷದಿಂದ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿದ್ದಾರೆ. ನಾನು ಕ್ಯಾಮ್ರಿಯ ಕತೆ ಹೇಳಿದಾಗ ಜೇಬಿನಿಂದ ಐಡಿ ಕಾರ್ಡ್ ತೆಗೆದು ತೋರಿಸಿದರು. “ನೋಡೋ, ಕಂಪ್ನಿ ಜಪಾನ್‌ದೋ ಜರ್ಮನಿದೋ ಯಾರಿಗ್ ಬೇಕು? ಇಲ್ಲಿ ಕಂಟ್ರಾಕ್ಟರ್ ಹೆಸ್ರೇ ಇರೋದು. ಮೂರು ಸಲ ಕಾರ್ಡ್ ಬದ್ಲಾಯ್ತು, ಮೆಷಿನ್ ಅದೇ.”

“ಆ ಮೆಷಿನ್ ಪ್ರೋಗ್ರಾಮ್ ಮಾಡೋಕೆ ಕಲಿಸಿಲ್ವಾ ಮಾವ?”

“ಅದಕ್ಕೆ ಬೇರೆಯೋರು ಬರ್ತಾರೆ. ನಾವು ಬಟನ್ ಒತ್ತೋದು.”

ಆ ಮಾತು ಕೇಳಿದ ಮೇಲೆ ನಾನು ಪ್ಲೇಸ್‌ಮೆಂಟ್ ನೋಟಿಸ್ ಬೋರ್ಡನ್ನು ಬೇರೆ ರೀತಿ ಓದುತ್ತಿದ್ದೇನೆ. ಪ್ಯಾಕೇಜ್ ಎಷ್ಟು ಎಂಬುದರ ಕೆಳಗೆ, ಯಾವ ವಿಭಾಗ, ತರಬೇತಿ ಎಷ್ಟು ತಿಂಗಳು, ವಿನ್ಯಾಸ ಎಲ್ಲಿ ನಡೆಯುತ್ತದೆ ಎಂದು ಹುಡುಕುತ್ತೇನೆ. ಪ್ರೀ ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ಕೈ ಎತ್ತಿ ಕೇಳಲು ಯಾರೂ ಬೇಡ ಎನ್ನುವುದಿಲ್ಲ. ಎಷ್ಟೋ ಮೆಕ್ಯಾನಿಕಲ್ ಹುಡುಗರು ಕೊನೆಗೆ ಸಾಫ್ಟ್‌ವೇರ್‌ಗೆ ಹೋಗುತ್ತಾರೆ, ಅದು ಬೇರೆ ಕತೆ.

ಅಂದ ಹಾಗೆ, 2022ರಿಂದ ನ್ಯಾಸ್ಕಾರ್ ಕಾರೇ ಪೂರ್ತಿ ಬದಲಾಗಿದೆ. ಷಾಸಿ ಎಲ್ಲ ತಂಡಗಳಿಗೂ ಒಂದೇ, ಬರುವುದು ಮಿಷಿಗನ್‌ನಿಂದ. ಗೇರ್‌ಬಾಕ್ಸ್ ಬ್ರಿಟನ್ನಿನ ಎಕ್ಸ್‌ಟ್ರಾಕ್‌ನದು, ಬ್ರೇಕ್ ಅಲ್ಲಿಯದೇ ಎಪಿ ರೇಸಿಂಗ್‌ನದು, ಡ್ಯಾಂಪರ್ ಸ್ವೀಡನ್ನಿನ ಓಲಿನ್ಸ್‌ನದು. ಕಾರ್ಬುರೇಟರ್ 2012ರಲ್ಲೇ ಹೋಯಿತು. ಪುಶ್‌ರಾಡ್ ಮಾತ್ರ ಇನ್ನೂ ಇದೆ. ಮುಂದಿನ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಗುಜರಿಯಿಂದ ಒಂದು ಹಳೇ ಟ್ರ್ಯಾಕ್ಟರ್ ಎಂಜಿನ್ ಹೆಡ್ ತಂದಿಟ್ಟುಕೊಂಡಿದ್ದೇವೆ. ವಾಲ್ವ್ ಎಷ್ಟು ಎತ್ತುತ್ತದೆ, ಕಡ್ಡಿ ಎಷ್ಟು ಬಾಗುತ್ತದೆ ಎಂದು ಅಳೆಯಬೇಕು. ಡಯಲ್ ಗೇಜ್ ಹಿಡಿಯುವುದನ್ನು ಹೇಳಿಕೊಡಲು ಭಾನುವಾರ ಮಾವ ಬರುತ್ತೇನೆ ಎಂದಿದ್ದಾರೆ.