ಓದಿ ಆದ ಮೇಲೆ ನನಗೂ ಕೊಡು

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ರಾಷ್ಟ್ರಕೂಟ ಅರಸರ ನೆಲೆಯಾಗಿದ್ದ ಮಯೂರಖಂಡಿ ಎನ್ನುವ ವಿದ್ವಾಂಸರಿದ್ದಾರೆ. ಅರಸರ ಆಳ್ವಿಕೆ ಎಂದೋ ಮುಗಿಯಿತು. ಈ ಸೀಮೆಯಲ್ಲಿ ಕನ್ನಡದ ಓದು ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಬಂದಿದೆ.

12ನೇ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ವಚನಗಳು ನಮಗೆ ಸಿಕ್ಕಿದ್ದೇ ಹೀಗೆ. ಮನೆಮನೆಯ ಜಗುಲಿಯಲ್ಲಿ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಬೇಡಿ ತಂದರು, ನಕಲು ಮಾಡಿಕೊಂಡರು, 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. ಪೂಜೆಯ ಕಟ್ಟನ್ನು ಪರರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಹಾಗೆ ಕೊಟ್ಟವರ ದೊಡ್ಡತನವನ್ನೂ ನಾವು ನೆನೆಯಬೇಕು.

ನಿಜಾಮರ ಆಡಳಿತದಲ್ಲಿ ಬೀದರ್ ಸೀಮೆಯ ಶಾಲೆಗಳಲ್ಲಿ ಉರ್ದು ನಡೆಯುತ್ತಿತ್ತು. ಆಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆ ಕಾಲದಲ್ಲಿ ಒಂದು ಕನ್ನಡ ಪುಸ್ತಕ ಎಷ್ಟು ಜನರ ಕೈ ಸೇರಿರಬಹುದು, ಊಹಿಸಿಕೊಳ್ಳಿ.

ಶ್ರಾವಣದಲ್ಲಿ ನಮ್ಮ ಕಡೆ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಿ ನಿಲ್ಲಿಸಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಹೊಲದ ಕೆಲಸ ಮುಗಿಸಿ ಬಂದವರು ಗೋಡೆಗೆ ಒರಗಿ ಕೂತು ಕೇಳುತ್ತಾರೆ. ನಿನ್ನೆ ಬಾರದವನು ಪಕ್ಕದವರನ್ನು ಮೆಲ್ಲಗೆ ಕೇಳುತ್ತಾನೆ, ‘ಕತಿ ಎಲ್ಲಿಗಿ ಬಂತು?’ ಅಕ್ಷರ ಬಾರದವರೂ ಹೀಗೆ ಒಂದೇ ಪುಸ್ತಕದ ಪಾಲುದಾರರಾಗುತ್ತಾರೆ.

ಈಗ ಈ ಹಂಚಿಕೆಗೆ ಒಂದು ಸರ್ಕಾರಿ ಮನೆಯೂ ಇದೆ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಇದೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಅಭಿಯಾನ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಪುಸ್ತಕ ಜೋಳಿಗೆ’ಯ ಮೂಲಕ ಜನರಿಂದ ಪುಸ್ತಕ ಬೇಡಿ ತಂದು ಕಪಾಟು ತುಂಬಿಸಿದ್ದೂ ಉಂಟು. ಶರಣರ ನಾಡಿನಲ್ಲಿ ಜೋಳಿಗೆಗೆ ಬೇರೆಯೇ ಗೌರವ.

ಕೊಡಗು, ದಕ್ಷಿಣ ಕನ್ನಡದ ಪಂಚಾಯಿತಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟು ‘ಪುಸ್ತಕ ಗೂಡು’ ಕಟ್ಟಿವೆ. ಜನ ಓಡಾಡುವ ಕಡೆ, ಬಸ್ ತಂಗುದಾಣದಲ್ಲಿ ಒಂದು ಪುಟ್ಟ ಕಪಾಟು. ಬೇಕಾದ್ದನ್ನು ಎತ್ತಿಕೊಳ್ಳಬಹುದು, ಓದಿದ್ದನ್ನು ಇಟ್ಟು ಹೋಗಬಹುದು. ನೆರೆಯ ಮಹಾರಾಷ್ಟ್ರದಲ್ಲಿ, ಪಂಚಗಣಿಯ ಹತ್ತಿರದ ಭಿಲಾರ್ 2017ರಲ್ಲೇ ‘ಪುಸ್ತಕಗಳ ಊರು’ ಎನಿಸಿಕೊಂಡಿತು. ಅಲ್ಲಿ ಮನೆಯವರೇ ತಮ್ಮ ಪಡಸಾಲೆಯಲ್ಲಿ ಪುಸ್ತಕ ಜೋಡಿಸಿಟ್ಟು ಬಂದವರನ್ನು ಓದಲು ಕೂರಿಸುತ್ತಾರೆ.

ಆದರೆ ಕಪಾಟು ಇಟ್ಟ ಮಾತ್ರಕ್ಕೆ ಓದು ಬೆಳೆಯುವುದಿಲ್ಲ. ‘ಇದನ್ನ ಓದು, ನಡುವಿನ ಭಾಗ ಸ್ವಲ್ಪ ಎಳೀತದ, ಮುಂದ ಬಿಡಂಗಿಲ್ಲ’ ಎಂದು ಯಾರಾದರೂ ಹೇಳಿ ಕೊಟ್ಟ ಪುಸ್ತಕವೇ ಮೊದಲು ತೆರೆಯುತ್ತದೆ. ಪುರಾಣದ ಕಟ್ಟೆಯಲ್ಲಿ ಆ ಮಾತಿದೆ, ಗ್ರಂಥಾಲಯದಲ್ಲಿ ಇನ್ನೂ ಸಾಲದು. ಕನ್ನಡ, ಮರಾಠಿ, ಉರ್ದು ಮೂರೂ ಆಡುವ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಈ ಕೊಡುಕೊಳ್ಳುವಿಕೆ ಎಷ್ಟು ಸಮೃದ್ಧವಾಗಬಲ್ಲದು! ಒಬ್ಬರು ತೇಜಸ್ವಿ ತಂದರೆ ಇನ್ನೊಬ್ಬರು ಪು.ಲ. ದೇಶಪಾಂಡೆ ತರಬಹುದು, ಮತ್ತೊಬ್ಬರು ಇಸ್ಮತ್ ಚುಗ್ತಾಯಿ.

ಇದಕ್ಕೆ ಹೊಸ ಯೋಜನೆ, ಅನುದಾನ ಬೇಕಿಲ್ಲ. ವಾರಕ್ಕೊಂದು ಸಂಜೆ ಸಾಕು. ಮುಂದಿನ ಸಲ ನಿಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗುವಾಗ, ಓದಿ ಮುಗಿಸಿದ ಪುಸ್ತಕ ಒಂದನ್ನು ಜೊತೆಗೆ ಒಯ್ಯಿರಿ. ಅಲ್ಲಿ ಕೂತವರಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಿ, ಕೊಟ್ಟು ಬನ್ನಿ.