ಕಾರ್ಡ್ ಹೇಳಿದ್ದನ್ನೆಲ್ಲ ಮಷೀನು ನಂಬಬಾರದು

ಸ್ವೈಪಿಂಗ್ ಮಷೀನಿಗೆ ಚಿಪ್ ಕಾರ್ಡ್ ತೂರಿಸಿದಾಗ ಪರದೆಯ ಮೇಲೆ ‘ರುಪೇ’ ಎಂದು ಮೂಡುತ್ತದಲ್ಲ, ಆ ಹೆಸರನ್ನು ಹೇಳುವುದು ಕಾರ್ಡೇ. ನೇರವಾಗಿ ಮಾತ್ರ ಹೇಳುವುದಿಲ್ಲ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ ಇಟ್ಟು ಕಳಿಸುತ್ತದೆ. ಸರಳಗೊಳಿಸಿದರೆ ಚಿಪ್ಪಿನ ಉತ್ತರ ಹೆಕ್ಸಾಡೆಸಿಮಲ್‌ನಲ್ಲಿ ಹೀಗಿರುತ್ತದೆ:

6ಎಫ್ 12 84 07 ಎ0 00 00 05 24 10 10 ಎ5 07 50 05 52 75 50 61 79

ಮೊದಲು ಟ್ಯಾಗ್, ಆಮೇಲೆ ಉದ್ದ, ಆಮೇಲೆ ಸರಕು. 6ಎಫ್ ಹೊರಗಿನ ಡಬ್ಬಿ. ಹೆಕ್ಸ್‌ನ 12 ಎಂದರೆ ನಮ್ಮ 18. ಮುಂದಿನ 18 ಬೈಟುಗಳು ಇದರದೇ. ಒಳಗೆ ಮತ್ತೆ ಡಬ್ಬಿಗಳಿವೆ ಎಂಬುದು ಟ್ಯಾಗಿನಲ್ಲೇ ಗೊತ್ತಾಗುತ್ತದೆ: ಬಲದಿಂದ ಆರನೆಯ ಬಿಟ್ 1 ಆಗಿದ್ದರೆ ಬಿಚ್ಚಬೇಕು, 0 ಆಗಿದ್ದರೆ ಸರಕನ್ನು ಎತ್ತಿಕೊಂಡರಾಯಿತು. 84ರಲ್ಲಿ ರುಪೇಯ ಗುರುತಿನ ಸಂಖ್ಯೆ ಇದೆ. ಎ5 ಇನ್ನೊಂದು ಡಬ್ಬಿ. ಅದರೊಳಗಿನ 50ರಲ್ಲಿ ಐದು ಅಕ್ಷರಗಳ ಹೆಸರು.

ಆ ಹೆಸರಿನ ನಡುವೆ ಮತ್ತೊಂದು 50 ಕಾಣುತ್ತದೆ, ನೋಡಿ. ಅದು ಟ್ಯಾಗಲ್ಲ, ಇಂಗ್ಲಿಷಿನ ‘ಪಿ’ ಅಕ್ಷರ. ಬೈಟನ್ನು ಮಾತ್ರ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮೊದಲಿನಿಂದ ಉದ್ದ ಎಣಿಸುತ್ತ ಬಂದವನಿಗೆ ಮಾತ್ರ ಗೊತ್ತಾಗುತ್ತದೆ. ಬೇಕಾದ ಟ್ಯಾಗನ್ನು ಸುಮ್ಮನೆ ಹುಡುಕಿ ತೆಗೆಯುವ ಅಡ್ಡದಾರಿ ಇಲ್ಲಿ ಕೈಕೊಡುತ್ತದೆ.

ಉದ್ದ 127 ದಾಟಿದರೆ ಬರವಣಿಗೆ ಬೇರೆ. 82 ಎಂದು ಬಂದರೆ ಮುಂದಿನ ಎರಡು ಬೈಟುಗಳಲ್ಲಿ ಉದ್ದವಿದೆ, ದೊಡ್ಡ ಬೈಟು ಮೊದಲು. 82 01 00 ಎಂದರೆ 256. ಮಷೀನಿನೊಳಗಿನ ಆರ್ಮ್ ಪ್ರಾಸೆಸರ್ ಸಾಮಾನ್ಯವಾಗಿ ಚಿಕ್ಕ ಬೈಟಿನಿಂದ ಓದಲು ಶುರುಮಾಡುತ್ತದೆ. ಸಿ ಭಾಷೆಯ ಸ್ಟ್ರಕ್ಟನ್ನು ಈ ಬೈಟುಗಳ ಮೇಲೆ ಹಾಗೇ ಹೊದಿಸಿದರೆ 256 ಹೋಗಿ 1 ಆಗುತ್ತದೆ. ಒಂದೊಂದೇ ಬೈಟನ್ನು ಎತ್ತಿ ಕೂಡಿಸುವುದೇ ಕ್ಷೇಮ, ಸೊಗಸಿಲ್ಲದಿದ್ದರೆ ಬೇಡ.

ಉದ್ದ ಎಷ್ಟೆಂದು ಹೇಳುವುದು ಕಾರ್ಡ್. ಆ ಕಾರ್ಡನ್ನು ಯಾರು ಮಾಡಿದರೋ! ಸಿ ಭಾಷೆಯಲ್ಲಿ ಬಫರಿನ ಅಂಚು ದಾಟಿ ಓದಿದರೂ ಯಾರೂ ತಡೆಯುವುದಿಲ್ಲ. ಹಾಗಾಗಿ ಪ್ರತಿ ಡಬ್ಬಿ ಬಿಚ್ಚುವ ಮುನ್ನ, ಅದನ್ನು ಒಳಗಿಟ್ಟುಕೊಂಡ ಡಬ್ಬಿಯಲ್ಲಿ ಇನ್ನೆಷ್ಟು ಬೈಟು ಉಳಿದಿದೆ ಎಂದು ನೋಡಬೇಕು. ಇಡೀ ಬಫರಿನ ಅಂಚನ್ನಷ್ಟೇ ನೋಡಿದರೆ ಸಾಲದು, ಒಳಗಿನದು ಪಕ್ಕದ ಡಬ್ಬಿಗೆ ಕೈಹಾಕುತ್ತದೆ. ಈ ಹೋಲಿಕೆಯಲ್ಲೂ ಹುಷಾರು ಬೇಕು: ವಿಳಾಸಕ್ಕೆ ಉದ್ದ ಕೂಡಿಸಿದರೆ ಮೊತ್ತ ಉಕ್ಕಿ ಮತ್ತೆ ಸೊನ್ನೆಯ ಹತ್ತಿರ ಬಂದು ನಿಲ್ಲಬಹುದು. ಉಳಿದ ಜಾಗದ ಜೊತೆ ಉದ್ದವನ್ನು ಹೋಲಿಸಿದರೆ ಆ ಭಯವಿಲ್ಲ. ಎಷ್ಟು ಆಳದವರೆಗೆ ಬಿಚ್ಚಬೇಕೆಂಬುದಕ್ಕೂ ಮಿತಿ ಇರಲಿ. ಫಂಕ್ಷನ್ ತನ್ನನ್ನೇ ಕರೆಯುತ್ತ ಹೋದರೆ ಇಂಥ ಪುಟ್ಟ ಮಷೀನಿನ ಸ್ಟ್ಯಾಕ್ ಬೇಗ ತುಂಬುತ್ತದೆ.

ಇದು ಅತಿಜಾಗ್ರತೆ ಅನ್ನುವವರಿಗೆ 2002ರ ಪ್ರಸಂಗ ಹೇಳಬೇಕು. ರೂಟರ್‌ಗಳನ್ನು ನಿಭಾಯಿಸುವ ಎಸ್‌ಎನ್‌ಎಂಪಿ ಸಂದೇಶಗಳೂ ಇದೇ ಕಟ್ಟಿನವು. ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ಕೆಡಿಸಿದ ಸಂದೇಶಗಳನ್ನು ಕಳಿಸಿ ನೋಡಿದರು. ಹಲವು ಕಂಪನಿಗಳ ಉಪಕರಣಗಳು ಮುಗ್ಗರಿಸಿದವು. ಆ ಫೆಬ್ರವರಿಯಲ್ಲಿ ಅಮೆರಿಕದ ಕಂಪ್ಯೂಟರ್ ಸುರಕ್ಷತಾ ಕೇಂದ್ರ ಸರ್ಟ್ ಎಚ್ಚರಿಕೆ ಹೊರಡಿಸಬೇಕಾಯಿತು.

ಕಾರ್ಡ್ ಮಷೀನನ್ನೂ ಹೀಗೇ ಪರೀಕ್ಷಿಸಬಹುದು. ಹೆಸರಿನ ಉದ್ದ ಹೇಳುವ 05 ಅಳಿಸಿ 06 ಬರೆದು ಕಳಿಸಿ. ಮಷೀನು ಕಾರ್ಡ್ ದೋಷವೆಂದು ನಿಂತರೆ ಸರಿ. ‘ರುಪೇ’ಯ ಬಾಲಕ್ಕೆ ಒಂದು ಕಸದ ಅಕ್ಷರ ಅಂಟಿಸಿ ತೋರಿಸಿತೋ, ಕೋಡನ್ನು ಬರೆದವರಿಗೇ ವಾಪಸ್ ಕಳಿಸಿ.